ಕಪ್ಪು ನೀರು, ಹಸಿರು ಸೀರೆ

ಮದುವೆ ಹಾಸಿಗೆಯನ್ನು ಅಂಗಡಿಯಿಂದ ಸುತ್ತಿಕೊಂಡು ತರದೆ, ಹತ್ತಿ ನೋಡಿ, ಬಟ್ಟೆ ಆರಿಸಿ, ಹೇಳಿ ಮಾಡಿಸುತ್ತಿದ್ದ ಕಾಲ ಅದು. ಗುಬ್ಬಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಾಸಿಗೆ ಹೊಲಿಯುವವರೆಂದರೆ ನಾವೇ. ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಹತ್ತಿ ಇಲ್ಲದ ಜಾಗ ಇರುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಿಷನ್ನು ಬೆಳಗಿನಿಂದ ಸಂಜೆವರೆಗೆ ಗುರ್ರೆನ್ನುತ್ತಿತ್ತು. ತಲೆಗೂದಲಲ್ಲಿ ಹತ್ತಿ, ಹುಬ್ಬಿನ ಮೇಲೆ ಹತ್ತಿ, ಮುದ್ದೆ ಮುರಿದರೆ ಅದರೊಳಗೂ ಒಂದೆಳೆ ಹತ್ತಿ. ಹೊಸ ಹತ್ತಿಗೆ ಬಿಸಿಲಿನ ವಾಸನೆ ಇರುತ್ತಿತ್ತು. ಹಾಗಲವಾಡಿ ಕಡೆಯ ಹಳ್ಳಿಗಳಿಂದ ಅಬ್ಬ ತರುತ್ತಿದ್ದ ಹಳೆಯ ಹಾಸಿಗೆಗಳ ಹತ್ತಿಗೆ ಯಾರದೋ ಹರಳೆಣ್ಣೆ ತಲೆ, ಯಾರದೋ ಮಗುವಿನ ಉಚ್ಚೆ, ಎಲ್ಲ ಸೇರಿದ ವಾಸನೆ. ಕಣ್ಣು ಮುಚ್ಚಿಕೊಂಡು ಮೂಸಿ ಯಾವುದು ಹೊಸದು, ಯಾವುದು ಹಳೆಯದು ಎಂದು ಹೇಳುವುದು ನಾನೂ ಅಕ್ಕನೂ ಆಡುತ್ತಿದ್ದ ಆಟ. ಅಕ್ಕ ಬೇಕೆಂದೇ ಸೋಲುತ್ತಿದ್ದಳು.

ಇಂಥ ನೆನಪುಗಳನ್ನು ಬರೆಯುವವರು ಒಳಗೊಳಗೇ ನಗುತ್ತಾ ಬರೆಯುತ್ತಾರೆ. ನನಗೂ ಹಾಗೆ ಬರೆಯುವ ಆಸೆ ಇದೆ. ಆದರೆ ನಾಲ್ಕನೇ ಕ್ಲಾಸು ಮುಗಿದ ಆ ಬೇಸಿಗೆ ರಜವನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದೊಡ್ಡವರ ಮೇಲೆ ಉರಿಯುತ್ತದೆ, ನನ್ನ ಮೇಲೂ ಉರಿಯುತ್ತದೆ.

ನಮ್ಮದು ಪಿಂಜಾರರ ಮನೆ. ಮನೆಮಾತು ಕನ್ನಡವೇ. ತುಮಕೂರಿನ ಉರ್ದು ಮಾತಾಡುವ ನೆಂಟರು ಇದಕ್ಕಾಗಿ ನಮ್ಮನ್ನು ನೋಡಿ ನಗುತ್ತಿದ್ದುದೂ ಉಂಟು. ಮನೆಯಲ್ಲಿ ನಾಲ್ಕೇ ಜನ. ಅಬ್ಬ, ಅಮ್ಮ, ನಸೀಮಾ ಅಕ್ಕ, ನಾನು. ನನಗೂ ಅಕ್ಕನಿಗೂ ಒಂಬತ್ತು ವರ್ಷದ ಅಂತರ. ಅಮ್ಮ ಹೊಲಿಗೆಗೆ ಕೂತರೆ ಏಳುತ್ತಿರಲಿಲ್ಲವಾದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಜಡೆ ಹಾಕುವವಳು ಅವಳು, ಮಗ್ಗಿ ಕಲಿಸಿದವಳು ಅವಳು, ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ದೊಡ್ಡ ಹೋಳನ್ನು ನನಗೆ ಕೊಡುತ್ತಿದ್ದವಳು ಅವಳು. ಊರಿಗೆಲ್ಲ ಹಾಸಿಗೆ ಮಾಡುತ್ತಿದ್ದ ಮನೆಯಲ್ಲಿ ನಮಗಿಬ್ಬರಿಗೆ ಸೇರಿ ಇದ್ದದ್ದು ಒಂದೇ ಹಳೆಯ ಹಾಸಿಗೆ. ಅವಳ ಕೈಯ ಮೇಲೆ ತಲೆ ಇಡದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಬ್ಬನ ಎಡಗೈ ಬೆರಳು ಮಿಷನ್ನಿಗೆ ಸಿಕ್ಕಿತು. ಉಗುರಿನವರೆಗೆ ಹೋಯಿತು. ಆಸ್ಪತ್ರೆಗೆ ದಿನಾ ಡ್ರೆಸ್ಸಿಂಗಿಗೆ ಹೋಗಬೇಕಿತ್ತು, ಜೊತೆಗೆ ಅಕ್ಕ ಹೋಗುತ್ತಿದ್ದಳು. ನಾಲ್ಕನೆಯ ದಿನ ಅಲ್ಲಿನ ನರ್ಸಮ್ಮ ಅಕ್ಕನ ಕೈಗೇ ಇಕ್ಕಳ ಕೊಟ್ಟು ಮಾಡಿಸಿದರಂತೆ. ಮುಗಿದ ಮೇಲೆ, "ನಿನ್ ಕೈ ನಡುಗಲ್ವಲ್ಲೇ. ನರ್ಸಿಂಗಿಗ್ ಹಾಕು, ಸುಮ್ನೆ ಮನೇಲ್ ಕೂರ್ಬೇಡ" ಅಂದರಂತೆ. ಅವತ್ತು ಅಕ್ಕ ಮನೆಗೆ ಬಂದಾಗ ಅವಳ ಮುಖವನ್ನು ನೋಡಬೇಕಿತ್ತು. ನೀಲಿ ಕಾಗದದಲ್ಲಿ ಸುತ್ತಿದ ಆಸ್ಪತ್ರೆಯ ಹತ್ತಿಯ ಸುರುಳಿಯೊಂದನ್ನು ತಂದಿದ್ದಳು. ನನ್ನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಹಿಡಿದಳು. ಯಾವ ವಾಸನೆಯೂ ಇರಲಿಲ್ಲ. "ಇದು ಹೊಸ್ದೂ ಅಲ್ಲ, ಹಳೇದೂ ಅಲ್ಲ ಕಣೇ. ಇದು ಕ್ಲೀನು" ಎಂದಳು.

ಅಬ್ಬನ ಬೆರಳು ಅವಳ ಕೈಯಲ್ಲೇ ವಾಸಿಯಾಯಿತು. ಅಬ್ಬ ಬೀದಿಯವರಿಗೆಲ್ಲ ಬೆರಳು ತೋರಿಸಿ, "ನನ್ ಮಗಳೇ ನಂಗೆ ಡಾಕ್ಟ್ರು" ಎಂದು ಹೇಳಿಕೊಂಡು ತಿರುಗಿದರು. ಇದನ್ನು ನೆನಪಿಟ್ಟುಕೊಳ್ಳಿ. ಅಬ್ಬ ಇದನ್ನು ಆ ಬೇಸಿಗೆ ಕಳೆಯುವುದರೊಳಗೇ ಮರೆತರು.

ಪಿಯುಸಿ ರಿಸಲ್ಟು ಬಂತು. ಅಕ್ಕ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ನರ್ಸಮ್ಮನೇ ಅರ್ಜಿ ತರಿಸಿ ತುಂಬಿಸಿದ್ದರು. ಹದಿನೈದು ದಿನಕ್ಕೆ ತುಮಕೂರಿನ ನರ್ಸಿಂಗ್ ಶಾಲೆಯಿಂದ ಕಾಗದ ಬಂತು. ಸೀಟು ಸಿಕ್ಕಿದೆ, ಹತ್ತು ದಿನದೊಳಗೆ ತಂದೆಯ ಜೊತೆ ಬಂದು ಸೇರಬೇಕು, ಹಾಸ್ಟೆಲಿನಲ್ಲೇ ಇರಬೇಕು ಎಂದು ಅದರಲ್ಲಿತ್ತು. ಅಕ್ಕ ಆ ಕಾಗದವನ್ನು ನನಗೆ ಎರಡು ಸಲ ಓದಿ ಹೇಳಿದಳು. ಮೊದಲ ಸಲ ನಾನು ಕುಣಿದೆ. ಎರಡನೇ ಸಲ ಹಾಸ್ಟೆಲು ಎಂಬ ಮಾತು ಕಿವಿಗೆ ಬಿತ್ತು.

ಅಬ್ಬ ಒಪ್ಪಿಯೂ ಇದ್ದರು, ಒಪ್ಪಿಯೂ ಇರಲಿಲ್ಲ. "ಆಪಾನ ಒಂದ್ ಮಾತು ಕೇಳ್ಬೇಕು" ಎಂದರು. ಆಪಾ ಎಂದರೆ ಅಬ್ಬನ ಅಕ್ಕ, ನಮ್ಮ ಕುಣಿಗಲ್ ಅತ್ತೆ. ಅಜ್ಜ ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅಬ್ಬನನ್ನು ಸಾಕಿದವರು ಅವರು. ಅವರೆದುರು ಅಬ್ಬ ಐವತ್ತರ ವಯಸ್ಸಿನಲ್ಲೂ ಬೆನ್ನು ನೇರ ಮಾಡಿ ಕೂರುತ್ತಿರಲಿಲ್ಲ. ಅತ್ತೆಗೆ ಒಬ್ಬನೇ ಮಗ, ಅನ್ಸರ್ ಭಾವ. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಿಷನ್ನು ನಡೆಸುತ್ತಿದ್ದ. ಅಕ್ಕನನ್ನು ಅವನಿಗೆ ತಂದುಕೊಳ್ಳಬೇಕು ಎಂಬುದು ಅತ್ತೆಯ ಮನಸ್ಸಿನಲ್ಲಿದೆ ಎಂದು ನಮ್ಮ ಬೀದಿಯ ಕೋಳಿಗಳಿಗೂ ಗೊತ್ತಿತ್ತು. ಇದನ್ನೂ ನೆನಪಿಟ್ಟುಕೊಳ್ಳಿ. ನಮ್ಮ ಮನೆಯ ದೊಡ್ಡವರು ಇದನ್ನು ಬೇಕಾದಾಗ ಮರೆತರು.

ಸುದ್ದಿ ಮುಟ್ಟಿದ ಮಾರನೆಯ ದಿನವೇ ಅತ್ತೆ ಕುಣಿಗಲ್ಲಿನಿಂದ ಬಸ್ಸಿಳಿದರು. ನನಗೆ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ, ಎರಡು ಡಜನ್ ಬಳೆ. ಅಕ್ಕನ ಗಲ್ಲ ಹಿಡಿದು, "ಓದಿದ್ ಸಾಕಾಗ್ಲಿಲ್ವೇನವ್ವಾ" ಎಂದರು. ಬೈಯಲಿಲ್ಲ, ಕೂಗಾಡಲಿಲ್ಲ. ಅವರು ಯಾವತ್ತೂ ಕೂಗಾಡಿದವರಲ್ಲ. ಸಂಜೆ ಟೀ ಕುಡಿಯುತ್ತಾ ಅಬ್ಬನಿಗೆ ಹೇಳಿದರು.

"ನಾನ್ ಬೇಡ ಅಂದ್ರೆ ನಂದೇನೋ ಆಸೆ ಐತೆ ಅಂತೀಯ. ನೀನ್ ಹೂಂ ಅಂದ್ರೆ ನಾಳೆ ಹೆಚ್ಚುಕಮ್ಮಿ ಆದ್ರೆ ನಿನ್ ತಲೆ ಮೇಲೆ. ಅಲ್ಲಾನ ಮರ್ಜಿ ಏನೈತೋ ಕೇಳ್ಬುಡೋಣ. ಇಸ್ತಿಖಾರಾ ನೋಡ್ಸು."

ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಕೆಲಸವನ್ನು ಮಾಡಲೋ ಬೇಡವೋ ಎಂದು ತೋಚದಿದ್ದಾಗ ಎರಡು ರಕಾತ್ ನಮಾಜು ಮಾಡಿ, ಇದು ನನಗೆ ಒಳ್ಳೆಯದಾದರೆ ದಾರಿ ಸುಲಭ ಮಾಡು, ಕೆಟ್ಟದಾದರೆ ನನ್ನ ಮನಸ್ಸನ್ನೇ ಅದರಿಂದ ತಿರುಗಿಸು ಎಂದು ಅಲ್ಲಾಹನನ್ನು ಬೇಡುವುದೇ ಇಸ್ತಿಖಾರಾ. ಅಷ್ಟೇ. ಅದರಲ್ಲಿ ನೋಡಿಸುವುದು ಏನೂ ಇಲ್ಲ. ಆದರೆ ನಮ್ಮ ಕಡೆ ಹೆಚ್ಚಿನವರು ಅದನ್ನು ನೋಡಿಸುತ್ತಾರೆ, ಮಸೀದಿಯ ಗುರುಗಳಾದ ಹಜ್ರತ್‌ಗೆ ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ಅಬ್ಬ ಅವತ್ತೇ ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಮಸೀದಿಯ ಹಜ್ರತ್ ಬಳಿ ಹೋದರು. ನಾನೂ ಬೆರಳು ಹಿಡಿದುಕೊಂಡು ಹೋಗಿದ್ದೆ. ಹಜ್ರತ್ ವಯಸ್ಸಾದವರು, ಮಾತು ಕಡಿಮೆ. ಮಸೀದಿಯ ಕಟ್ಟೆಯ ಮೇಲೆ ಕೂತು ಅಬ್ಬನ ಮಾತನ್ನೆಲ್ಲ ಕೇಳಿದರು. ಆಮೇಲೆ ಹೇಳಿದರು.

"ಇದು ಶಾಸ್ತ್ರ ಕೇಳೋದಲ್ಲಪ್ಪ. ನಾನ್ ನೋಡೋದೂ ಅಲ್ಲ. ಯಾರ್ದು ಕೆಲ್ಸವೋ ಅವ್ರೇ ಕೇಳ್ಬೇಕು. ನಿನ್ ಹೊಟ್ಟೆ ಹಸಿದ್ರೆ ನಾನ್ ಉಣ್ಣೋಕಾಗುತ್ತಾ?"

"ಅವ್ಳು ಹುಡ್ಗಿ, ಹಜ್ರತ್. ಅವ್ಳಿಗೇನ್ ಗೊತ್ತಾಗುತ್ತೆ?"

"ಅವ್ಳಿಗೆ ಏನ್ ಬೇಕು ಅಂತ ಅವ್ಳಿಗೆ ಗೊತ್ತಲ್ಲ, ಸಾಕು. ಆ ಬೇಕನ್ನ ಮುಚ್ಚಿಡ್ಬಾರ್ದು, ಮುಂದಿಟ್ಟು ಕೇಳ್ಬೇಕು. ನಂಗೆ ಇದ್ ಬೇಕು, ಆದ್ರೆ ನಿಂಗೆ ಬೇಕಾಗಿದ್ದೇ ನಂಗೂ ಬೇಕಾಗೋ ಹಂಗೆ ಮಾಡು ಅಂತ. ಕನಸು ಬೀಳ್ಲೇಬೇಕು ಅಂತಿಲ್ಲ. ಮನಸು ಎತ್ತ ನಿಲ್ಲುತ್ತೆ ನೋಡ್ಕೊಬೇಕು. ಹೋಗಿ ಮಗಳಿಗೆ ಹೇಳು."

ಇಷ್ಟು ಚೆನ್ನಾಗಿ ಹೇಳಿದ್ದನ್ನು ಕೆಡಿಸುವುದಕ್ಕೂ ಕೌಶಲ ಬೇಕು. ಅದು ಅತ್ತೆಗಿತ್ತು.

ಅಬ್ಬ ಮನೆಗೆ ಬಂದು ಹಜ್ರತ್ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅತ್ತೆ ತಲೆದೂಗಿದರು. "ಹಜ್ರತ್ ಹೇಳೋದು ಸರಿನೇ. ಆದ್ರೆ ಇವ್ಳ್ ಮನಸಲ್ಲಿ ಹೋಗ್ಬೇಕು ಅಂತ ತುಂಬ್ಕೊಂಡೈತಲ್ಲ, ಇವ್ಳ್ ಕೇಳುದ್ರೆ ಹೋಗು ಅಂತ್ಲೇ ಬರುತ್ತೆ. ಆಸೆ ಇರೋರು ಕೇಳ್ಬಾರ್ದು. ನಮ್ ಕುಣಿಗಲ್ ಕಡೆ ಚಿಕ್ ಮಕ್ಕಳ ಕೈಲಿ ಕೇಳ್ಸ್ತಾರೆ. ಮಗು ಮನಸು ಬಿಳಿ ಬಟ್ಟೆ. ಅದಕ್ಕೇನ್ ಆಸೆ?"

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿ ಕೊಬ್ಬರಿ ಮಿಠಾಯಿ ಇತ್ತು.

ಈಗ ಯೋಚಿಸಿದರೆ ನನಗೆ ಹಲ್ಲು ಕಡಿಯುವ ಹಾಗಾಗುತ್ತದೆ. ಮನೆಯಲ್ಲಿ ಅವತ್ತು ಆಸೆ ಇಲ್ಲದವರು ಯಾರಿದ್ದರು? ಅತ್ತೆಗೆ ಸೊಸೆ ಬೇಕಿತ್ತು. ಅಬ್ಬನಿಗೆ ಆಪಾನ ಮಾತು ಮೀರದೆ ಬದುಕಬೇಕಿತ್ತು. ಅಮ್ಮನಿಗೆ ಜಗಳ ಬೇಡವಾಗಿತ್ತು. ನನಗೆ ಅಕ್ಕನ ಕೈ ಬೇಕಿತ್ತು, ಬೇರೆ ಏನೂ ಬೇಕಿರಲಿಲ್ಲ. ತನಗೆ ಏನು ಬೇಕು ಎಂದು ಬಾಯಿಬಿಟ್ಟು ಹೇಳಿದವಳು ಅಕ್ಕ ಒಬ್ಬಳೇ, ಹಾಗೆ ಹೇಳಿದ್ದಕ್ಕೇ ಅವಳನ್ನು ಹೊರಗಿಟ್ಟರು.

ಮಾರನೆಯ ದಿನ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಎಲ್ಲ ಹೇಳಿಕೊಟ್ಟರು. ಕನಸಿನಲ್ಲಿ ಹಸಿರು, ಬಿಳಿ ಕಂಡರೆ ಒಳ್ಳೆಯದು. ಕಪ್ಪು, ಕೆಂಪು ಕಂಡರೆ ಕೆಟ್ಟದ್ದು. ಹರಿಯುವ ನೀರು ಒಳ್ಳೆಯದು, ನಿಂತ ನೀರು ಕೆಟ್ಟದ್ದು. ನಡುವೆ ಒಂದು ಮಾತು, ತೀರಾ ಸಲೀಸಾಗಿ. "ಅಕ್ಕ ಹಾಸ್ಟೆಲಿಗೆ ಹೋದ್ರೆ ನೀನ್ ಯಾರ್ ಜೊತೆ ಮಲಗ್ತೀಯವ್ವಾ? ಪಾಪ." ನನಗೆ ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಅಷ್ಟೊಂದು ಕೆಳಗಿಳಿಯುವವರಲ್ಲ ಅವರು. ಒಂಬತ್ತು ವರ್ಷದ ಹುಡುಗಿಗೆ ಅಷ್ಟು ಸಾಕು ಎಂದು ಅವರಿಗೆ ಗೊತ್ತಿತ್ತು ಎಂದೇ ನಾನು ನಂಬಿದ್ದೇನೆ.

ಅವತ್ತು ನನಗೆ ರಾಜಮರ್ಯಾದೆ. ಬಿಳಿ ಫ್ರಾಕು ಹಾಕಿ, ಕೈಕಾಲು ಮುಖ ತೊಳೆಸಿ ವುಜೂ ಮಾಡಿಸಿ, ನಮಾಜು ಮಾಡಿಸಿ, ಪುಸ್ತಕ ನೋಡಿ ಆ ಬೇಡಿಕೆಯ ದುವಾದ ಒಂದೊಂದೇ ಪದವನ್ನು ಹೇಳಿಸಿದರು. ಅರ್ಥ ಯಾರೂ ಹೇಳಲಿಲ್ಲ. ಮಲಗಲು ಗಿರಾಕಿಯೊಬ್ಬರ ಮದುವೆಗೆಂದು ಮಾಡಿಟ್ಟಿದ್ದ ಹೊಸ ಹಾಸಿಗೆಯನ್ನೇ ಹಾಸಿದರು. ಅದರ ಮೇಲೆ ಒಂದು ಸಲ ಕುಣಿದದ್ದಕ್ಕೆ ಅಬ್ಬನಿಂದ ಏಟು ತಿಂದಿದ್ದೆ. ಈಗ ಅದೇ ಹಾಸಿಗೆ ನನಗೊಬ್ಬಳಿಗೇ. ಅಕ್ಕ ದಿಂಬು ತಂದಾಗ ಅತ್ತೆ ತಡೆದರು. "ನೀನ್ ಪಕ್ಕದಲ್ಲಿ ಮಲಗ್ಬೇಡ. ನಿನ್ ಆಸೆ ತಾಗುತ್ತೆ." ಅಕ್ಕ ದಿಂಬನ್ನು ನನ್ನ ತಲೆಯ ಕೆಳಗಿಟ್ಟು ಹೋದಳು. ಆ ಮೆತ್ತನೆಯ ಹಾಸಿಗೆಯ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹಾಸ್ಟೆಲು ಎಂದರೆ ಏನು ಎಂದು ಅವತ್ತು ಅರ್ಥವಾಯಿತು. ಅಕ್ಕನ ಓದು ಮುಗಿಯುವ ಮೂರು ವರ್ಷವೂ ಹೀಗೆಯೇ ಎಂದು ಅಳುತ್ತಾ ಯಾವಾಗಲೋ ಮಲಗಿದೆ. ಕನಸು ಬೀಳಲೇ ಇಲ್ಲ.

ಬೆಳಿಗ್ಗೆ ಫಜರ್ ನಮಾಜು ಮುಗಿದು ಬೆಳಕು ಹರಿದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತರು. ಅತ್ತೆ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಏನ್ ಕಂಡ್ಯವ್ವಾ?"

ಏನೂ ಇಲ್ಲ ಎನ್ನಬಹುದಿತ್ತು. ಎಷ್ಟು ಸಣ್ಣ ಮಾತು ಅದು. ಆದರೆ ಅಷ್ಟು ಜನ ದೊಡ್ಡವರು ನನ್ನ ಬಾಯನ್ನೇ ನೋಡುತ್ತಿದ್ದರು, ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

"ಕಪ್ಪು" ಎಂದೆ.

"ಕಪ್ಪು ಏನು?"

"ನೀರು."

"ಹರೀತಿತ್ತೋ ನಿಂತಿತ್ತೋ?"

"ನಿಂತಿತ್ತು. ಆಸ್ಪತ್ರೇಲಿ. ಅಕ್ಕ ಒಳಗಿದ್ಲು."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಬ್ಬ ಕಣ್ಣು ಮುಚ್ಚಿಕೊಂಡರು. ಅತ್ತೆ ಇನ್ನೂ ಮುಂದಕ್ಕೆ ಬಾಗಿದರು. "ಆಮೇಲೆ? ಹಸ್ರು ಏನಾದ್ರೂ ಕಂಡ್ತಾ, ನೋಡು, ನೆನಪು ಮಾಡ್ಕೊ."

ನನಗೆ ಕೆಲಸ ಮುಗಿದಿತ್ತು. ಅಕ್ಕ ಉಳಿದಳು, ಇನ್ನೇನು ಬೇಕು. ಆದರೆ ಅತ್ತೆ ಕೇಳುತ್ತಿದ್ದಾರಲ್ಲ ಎಂದು ಸುತ್ತ ನೋಡಿದೆ. ಕಣ್ಣೆದುರಿಗೇ ಹಸಿರಿತ್ತು.

"ಹಸ್ರು ಸೀರೆ" ಎಂದೆ.

"ಯಾರುಟ್ಟಿದ್ರು?"

"ನೀವು."

ಅತ್ತೆ ಎರಡೂ ಕೈ ಎತ್ತಿ, ಕಣ್ಣಲ್ಲಿ ನೀರು ತಂದುಕೊಂಡು, "ಅಲ್ಲಾಗೆ ಶುಕ್ರ" ಎಂದರು. "ನೋಡ್ದಾ ತಮ್ಮಾ. ನಾನ್ ಬಾಯ್ ಬಿಟ್ ಕೇಳಿರ್ಲಿಲ್ಲ. ಎಲ್ಲಿಗ್ ಹೋಗ್ಬಾರ್ದು, ಯಾರ್ ಮನೆಗ್ ಬರ್ಬೇಕು, ಎರಡೂ ತೋರ್ಸ್ಬುಟ್ಟ."

ಆ ಹೊತ್ತಿಗೆ ಅತ್ತೆ ಉಟ್ಟಿದ್ದದ್ದು ಹಸಿರು ಸೀರೆ. ಗಿಳಿ ಹಸಿರು, ಕೆಂಪು ಅಂಚು. ಆ ಕೋಣೆಯಲ್ಲಿ ಅಷ್ಟು ಹಸಿರಾಗಿದ್ದ ಬೇರೊಂದು ವಸ್ತು ಇರಲಿಲ್ಲ. ಅಬ್ಬನಿಗೆ ಕಣ್ಣಿತ್ತು. ಅಮ್ಮನಿಗೆ ಕಣ್ಣಿತ್ತು. ಒಬ್ಬರಾದರೂ ನೋಡಿ, ಮಗು ಎದುರಿಗಿದ್ದದ್ದನ್ನು ಹೇಳಿತು ಎನ್ನಬಾರದಿತ್ತೇ? ಅಮ್ಮ ಮಾತ್ರ ಮೆಲ್ಲಗೆ, "ಮಗು ಮಾತು…" ಎಂದು ಶುರು ಮಾಡಿದಳು. ಅತ್ತೆ, "ಮಗು ಮಾತಲ್ಲ ಅದು" ಎಂದರು.

ಅಕ್ಕ ನನ್ನನ್ನೇ ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ ತುಮಕೂರಿನ ಕಾಗದ ತಂದು ಅಬ್ಬನ ಮುಂದಿಟ್ಟು, "ಅಲ್ಲಾನ ಮರ್ಜಿ" ಎಂದಳು. ಅಳಲಿಲ್ಲ. ಅದನ್ನು ನೋಡಿ ಎಲ್ಲರೂ ಹುಡುಗಿ ಎಷ್ಟು ಒಳ್ಳೆಯವಳು ಎಂದುಕೊಂಡರು. ಅಬ್ಬನ ಮುಖದಲ್ಲಿ ಭಾರ ಇಳಿದ ಹಾಗಿತ್ತು. ಬೇಡ ಎಂದದ್ದು ತಾವಲ್ಲ, ಆಪಾನೂ ಅಲ್ಲ, ಮೇಲಿನವನು. ಅವನ ಹತ್ತಿರ ಯಾರು ಜಗಳಕ್ಕೆ ಹೋಗುತ್ತಾರೆ?

ಅದೇ ವಾರ ಅತ್ತೆ ನಿಕಾಹ್ ದಿನ ಗೊತ್ತು ಮಾಡಿದರು. ಅಕ್ಕ ಮದುವೆಯಾದರೂ ಮನೆ ಬಿಟ್ಟು ಹೋಗುತ್ತಾಳೆ ಎನ್ನುವುದು ನನಗೆ ಹೊಳೆದದ್ದು ಅಬ್ಬ ಅವಳ ಹಾಸಿಗೆಗೆ ಹತ್ತಿ ಹಿಂಜಲು ಕೂತಾಗ. ಅತ್ಯುತ್ತಮ ಹತ್ತಿ, ದಿಂಬಿಗೆ ಬೂರುಗದ ಹತ್ತಿ. ನನ್ನನ್ನು ಬೀಜ ಆರಿಸಲು ಕೂರಿಸಿದ್ದರು. ನಾನು ಎದ್ದು ಅಡುಗೆಮನೆಗೆ ಓಡಿದೆ. ಅಮ್ಮ ಹುರುಳಿಕಾಳು ಹಸನು ಮಾಡುತ್ತಿದ್ದಳು.

"ಅಮ್ಮ, ನಂಗೆ ಕನಸೇ ಬಿದ್ದಿರ್ಲಿಲ್ಲ."

ಅಮ್ಮನ ಕೈ ಮೊರದ ಮೇಲೆ ನಿಂತಿತು.

"ಸುಳ್ ಹೇಳ್ದೆ. ಕಪ್ಪು ನೀರೂ ಇಲ್ಲ, ಸೀರೇನೂ ಇಲ್ಲ. ಅಬ್ಬಂಗೆ ಹೇಳಮ್ಮ, ಅಕ್ಕ ಆಸ್ಪತ್ರೆಗೇ ಹೋಗ್ಲಿ, ವಾರಕ್ಕೊಂದ್ಸಲ ಬರ್ಲಿ."

ಅಮ್ಮ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಹುರುಳಿಯ ಧೂಳು ನನ್ನ ಮೂಗಿಗೆ ಹೋಯಿತು. "ಪತ್ರಿಕೆ ಹಂಚಾಗಿದೆ ಕಣೇ. ಇನ್ನೊಂದ್ಸಲ ಈ ಮಾತು ಆಡುದ್ರೆ ನಾಲ್ಗೆ ಸುಡ್ತೀನಿ. ಯಾರ್ಗೂ ಹೇಳ್ಬೇಡ. ಅಕ್ಕಂಗಂತೂ ಹೇಳ್ಲೇಬೇಡ."

ನಾನು ಅವತ್ತಿನವರೆಗೆ ಮಾಡಿದ್ದು ಮಗುವಿನ ತಪ್ಪು. ಅದನ್ನು ನಾನು ಹೇಗೋ ಕ್ಷಮಿಸಿಕೊಂಡೇನು. ಅವತ್ತು ಅಡುಗೆಮನೆಯಲ್ಲಿ ನಡೆದದ್ದು ದೊಡ್ಡವರ ತಪ್ಪು. ಮದುವೆಗೆ ಇನ್ನೂ ಎಂಟು ದಿನವಿತ್ತು, ಸೀಟಿನ ಗಡುವೂ ಮುಗಿದಿರಲಿಲ್ಲ. ಒಂದು ಮಾತು ಅಬ್ಬನ ಕಿವಿಗೆ ಹಾಕಿದ್ದರೆ ಸಾಕಿತ್ತು. ಅಲ್ಲಾಹನ ಹೆಸರಿನಲ್ಲಿ ಒಂದು ಸುಳ್ಳು ನಡೆಯುತ್ತಿದೆ ಎಂದು ಗೊತ್ತಾದ ಮೇಲೆಯೂ ಅಮ್ಮ ಹಂಚಿದ ಪತ್ರಿಕೆಗೆ ಹೆದರಿದಳು, ಅವನಿಗೆ ಹೆದರಲಿಲ್ಲ. ಅಮ್ಮ ಈಗಿಲ್ಲ. ಅವಳಿಗಾಗಿ ದಿನವೂ ದುವಾ ಮಾಡುತ್ತೇನೆ. ಸಿಟ್ಟು ಮಾತ್ರ ಇಳಿದಿಲ್ಲ, ಇಳಿದಿದೆ ಎಂದು ಸುಳ್ಳು ಹೇಳುವುದೂ ಇಲ್ಲ.

ಮದುವೆಯ ದಿನ ಬಿರಿಯಾನಿಯ ಘಮ ಬೀದಿಗೆಲ್ಲ ಹಬ್ಬಿತ್ತು. ನಾನು ಒಂದು ತುತ್ತೂ ತಿನ್ನಲಿಲ್ಲ. ಹಾಸಿಗೆಯನ್ನು ವ್ಯಾನಿನ ಮೇಲೆ ಕಟ್ಟಿದರು, ಅಕ್ಕನನ್ನು ಒಳಗೆ ಕೂರಿಸಿದರು. ಬಂದವರೆಲ್ಲ ನನ್ನ ಕೆನ್ನೆ ಚಿವುಟಿ, "ಇವ್ಳೇ ಅಲ್ವಾ ಕನಸ್ ಕಂಡೋಳು" ಎನ್ನುತ್ತಿದ್ದರು. ಆಮೇಲೆ ಮೂರ್ನಾಲ್ಕು ವರ್ಷ ನಮ್ಮ ಬಳಗದಲ್ಲಿ ನನಗೆ ಅದೇ ಹೆಸರು. ಮನೆ ಕೊಳ್ಳುವವರು, ಹೆಣ್ಣು ನೋಡುವವರು ನನ್ನನ್ನು ಕರೆಸಿ ಮಲಗಿಸಬೇಕೆಂದರು. ನಾನು ಕಿರುಚಿ ರಂಪ ಮಾಡುತ್ತಿದ್ದೆ. ಹುಡುಗಿಗೆ ಗಾಳಿ ಹಿಡಿದಿದೆ ಎಂದು ತಾಯಿತ ಕಟ್ಟಿದರು.

ಅನ್ಸರ್ ಭಾವ ಕೆಟ್ಟವನಲ್ಲ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೈ ಮಾಡಿದವನಲ್ಲ, ಕುಡಿದವನಲ್ಲ, ಸಂಬಳ ತಂದು ಅಕ್ಕನ ಕೈಗೆ ಕೊಡುವವನು. ಕೆಲಸಕ್ಕೆ ಹತ್ತಿರವೆಂದು ತುಮಕೂರಿನ ಮರಳೂರಿನಲ್ಲಿ ಮನೆ ಮಾಡಿದರು. ಎರಡು ಮಕ್ಕಳು. ನಾನು ಓದಿದೆ, ಬಿ.ಎಡ್. ಮಾಡಿದೆ, ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನನ್ನು ಓದಿಸಿ ಎಂದು ಅಬ್ಬನ ಹತ್ತಿರ ಹಟ ಹಿಡಿದವಳೂ ಅಕ್ಕನೇ. ನನ್ನ ಸಲುವಾಗಿ ಇಸ್ತಿಖಾರಾ ನೋಡಿಸುವ ಮಾತು ಬಂದಾಗ ಅವಳು ತುಮಕೂರಿನಿಂದ ಬಸ್ಸು ಹತ್ತಿ ಬಂದು, "ಅವ್ಳ್ ವಿಷಯ ಅವ್ಳೇ ಕೇಳ್ಕೊತಾಳೆ" ಎಂದು ಹೇಳಿ ಹೋಗಿದ್ದಳು. ಅದೊಂದೇ ಸಲ ನಾನು ಅವಳ ದನಿ ಏರಿದ್ದನ್ನು ಕೇಳಿದ್ದು.

ಕಳೆದ ವರ್ಷ ರಂಜಾನಿನಲ್ಲಿ ಮರಳೂರಿಗೆ ಹೋಗಿದ್ದೆ. ಕುಣಿಗಲ್ ಅತ್ತೆ ಈಗ ಅಲ್ಲೇ ಇದ್ದಾರೆ. ಸಕ್ಕರೆ ಕಾಯಿಲೆ, ಎದ್ದು ಓಡಾಡಲಾರರು. ಅಕ್ಕ ಅವರಿಗೆ ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚುತ್ತಾಳೆ, ಮಗ್ಗುಲು ಹೊರಳಿಸುತ್ತಾಳೆ, ಬೆನ್ನಿಗೆ ಪೌಡರ್ ಹಾಕುತ್ತಾಳೆ. ನಾನು ಹೋದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

"ನೋಡ್ದಾ ಮಗಾ, ನಿನ್ ಕನಸು ಸುಳ್ಳಾಗ್ಲಿಲ್ಲ. ಅಲ್ಲಾ ನಂಗೋಸ್ಕರಾನೇ ಇವ್ಳನ್ನ ಈ ಮನೆಗ್ ಕಳ್ಸ್ದ."

ಹಾಸಿಗೆ ಹಿಡಿದ ಮುದುಕಿ ಎಂದು ನೋಡದೆ ಏನು ಹೇಳಿಬಿಡುತ್ತಿದ್ದೆನೋ. ಅಕ್ಕ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಇಫ್ತಾರಿಗೆ ಹಣ್ಣು ಹೆಚ್ಚಲು ಚಾಕು ಕೊಟ್ಟಳು. ನಾನು ಚಾಕು ಕೆಳಗಿಟ್ಟು, ಇಪ್ಪತ್ತು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ. ಕನಸು ಬಿದ್ದಿರಲಿಲ್ಲ. ನೀನು ಹೋಗಬಾರದು ಎಂದು ನಾನೇ ಹುಟ್ಟಿಸಿ ಹೇಳಿದೆ. ಅಮ್ಮನಿಗೂ ಗೊತ್ತಿತ್ತು.

ಅಕ್ಕ ಪಪ್ಪಾಯಿಯ ಬೀಜ ತೆಗೆಯುತ್ತಿದ್ದಳು. ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣೇ" ಎಂದಳು.

"ಏನ್ ಗೊತ್ತಿತ್ತು?"

"ಸುಳ್ ಹೇಳ್ವಾಗ ನೀನು ಒಂದ್ ಕಾಲಲ್ಲಿ ಇನ್ನೊಂದ್ ಕಾಲ್ ಕೆರ್ಕೊತಿದ್ದೆ. ಅವತ್ತೂ ಕೆರ್ಕೊತಿದ್ದೆ."

"ಮತ್ತೆ ಅಲ್ಲಾನ ಮರ್ಜಿ ಅಂದ್ಯಲ್ಲ."

"ಇನ್ನೇನ್ ಅನ್ಲಿ? ಒಂಬತ್ ವರ್ಷದ್ ಮಗೂನ ಸುಳ್ಳಿ ಅಂತ ಎಲ್ರ ಮುಂದೆ ನಿಲ್ಲಿಸ್ಲಾ? ಅತ್ತೆ ನಿನ್ನ ಜನ್ಮಪೂರ್ತಿ ಬಿಡ್ತಿರ್ಲಿಲ್ಲ."

ನಾನು ಅಲ್ಲೇ ಕೆಳಗೆ ಕೂತೆ. ಅವಳು ಹಣ್ಣಿನ ತಟ್ಟೆಯನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು. ಆಮೇಲೆ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು.

"ಹಜ್ರತ್ ಹೇಳಿದ್ರಲ್ಲ, ಯಾರ್ದು ಕೆಲ್ಸವೋ ಅವ್ರೇ ಕೇಳ್ಬೇಕು ಅಂತ. ನಾನೂ ಕೇಳಿದ್ದೆ. ನಿನ್ನ ಹೊಸಾ ಹಾಸ್ಗೆ ಮೇಲೆ ಮಲಗಿಸಿದ್ರಲ್ಲ, ಅವತ್ತೇ, ನಮ್ ಹಳೇ ಹಾಸ್ಗೆ ಪಕ್ಕದಲ್ಲಿ ಚಾಪೆ ಹಾಕೊಂಡು. ನಂಗೆ ಇದ್ ಬೇಕು, ಬೇಡ್ದಿದ್ರೆ ಆಸೆನೇ ಕಿತ್ಕೋ ಅಂತ ಕೇಳ್ದೆ. ಬೆಳಿಗ್ಗೆ ಎದ್ದಾಗ ಮನಸು ಎಷ್ಟು ತಣ್ಣಗಿತ್ತು ಅಂತೀಯ. ಭಯ ಎಲ್ಲ ಹೋಗಿತ್ತು. ಹೋಗ್ಬೇಕು ಅನ್ನೋದ್ ಮಾತ್ರ ಇತ್ತು. ನಂಗೆ ಉತ್ತರ ಬಂದಿತ್ತು ಕಣೇ."

"ಯಾಕ್ ಹೇಳ್ಲಿಲ್ಲ ಅಕ್ಕ?"

"ಯಾರ್ ಕೇಳಿದ್ರು?"

ಮಗ್ರಿಬ್ ಆಜಾನ್ ಆಯಿತು. ಅವಳು ಒಂದು ಖರ್ಜೂರ ತೆಗೆದು ನನ್ನ ಕೈಗಿಟ್ಟು, ಅತ್ತೆಗೆ ನೀರು ಕುಡಿಸಲು ಒಳಗೆ ಹೋದಳು.

ಕಳೆದುಕೊಂಡದ್ದು ಒಂದು ಕೆಲಸ ಎಂದು ನಾನು ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದೆ. ಒಂದು ಬಿಳಿ ಯೂನಿಫಾರ್ಮು, ಅವಳದೇ ಒಂದು ಸಂಬಳ, ಅವಳ ಕೈ ಮುಟ್ಟಿ ವಾಸಿಯಾಗಬಹುದಾಗಿದ್ದ ಜನ. ಅಷ್ಟೇ ಆಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಆದರೆ ಆ ಮನೆಯಲ್ಲಿ ಕೇಳಬೇಕಾದ ಹಾಗೆ ಕೇಳಿದವಳು ಅಕ್ಕ ಒಬ್ಬಳೇ, ಉತ್ತರ ಸಿಕ್ಕಿದ್ದೂ ಅವಳೊಬ್ಬಳಿಗೇ. ನಾವು ಅದಕ್ಕೆ ಅಡ್ಡ ನಿಂತೆವು. ನಿಂತದ್ದಲ್ಲದೆ ಅದನ್ನೇ ಅಲ್ಲಾಹನ ಮರ್ಜಿ ಎಂದು ಕರೆದೆವು, ಇವತ್ತಿಗೂ ಕರೆಯುತ್ತಿದ್ದೇವೆ. ಅತ್ತೆ ಅದನ್ನು ನಂಬಿಕೊಂಡೇ ಕಣ್ಣು ಮುಚ್ಚುತ್ತಾರೆ. ಅಕ್ಕ ಅವರಿಗೆ ನಿಜ ಹೇಳುವುದಿಲ್ಲ, ನಾನೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

ಅಕ್ಕ ಈಗಲೂ ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು ಎನ್ನುವುದಕ್ಕೂ ಎರಡು ರಕಾತ್ ನಮಾಜು ಮಾಡಿ ಕೇಳುತ್ತಾಳೆ, ಎದ್ದು ನಿಶ್ಚಿಂತೆಯಿಂದ ಮನೆಗೆಲಸಕ್ಕೆ ತೊಡಗುತ್ತಾಳೆ. ನಾನು ಐದು ಹೊತ್ತೂ ನಮಾಜು ಮಾಡುವವಳು, ಈಗ ಆ ದುವಾದ ಅರ್ಥ ಪದಪದವಾಗಿ ಗೊತ್ತಿರುವವಳು. ನನ್ನ ಮದುವೆಗೂ ಕೇಳಲಾಗಲಿಲ್ಲ, ಕೆಲಸಕ್ಕೂ ಕೇಳಲಾಗಲಿಲ್ಲ. ಕೇಳಬೇಕೆಂದು ಚಾಪೆ ಹಾಸಿ ಕೈ ಎತ್ತುತ್ತೇನೆ. ಅವನು ಏನಾದರೂ ಹೇಳುವ ಮೊದಲೇ ನನ್ನದೇ ಬಾಯಿ ಕಪ್ಪು ಎನ್ನುತ್ತದೆ.